ಮೂರು ಬಣ್ಣದ ಧರ್ಮಸಂಕಟ

2012ರ ವಸಂತದಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿರುವ, ವಿಡಿಯೊ ಗೇಮ್ ತಯಾರಿಸುವ ಬಯೋವೇರ್ ಕಂಪನಿಯ ಕಚೇರಿಗೆ ಸುಮಾರು 400 ಕಪ್‌ಕೇಕ್‌ಗಳು ಬಂದಿಳಿದವು. ಮೇಲಿನ ಕ್ರೀಮು ಕೆಂಪು, ನೀಲಿ, ಹಸಿರು. ಬಾಯಿಗಿಟ್ಟರೆ ಮೂರಕ್ಕೂ ಅದೇ ವೆನಿಲ್ಲಾ ರುಚಿ. ಕಳಿಸಿದವರು 'ಮಾಸ್ ಎಫೆಕ್ಟ್ 3' ಆಡಿ ಮುಗಿಸಿದ ಅಭಿಮಾನಿಗಳು. ಮಾರ್ಚ್ 6ರಂದು ಬಿಡುಗಡೆಯಾದ ಆ ಆಟದ ಮೂರು ಅಂತ್ಯಗಳಿಗೆ ಬಣ್ಣವೊಂದೇ ವ್ಯತ್ಯಾಸ ಎಂಬುದು ಅವರ ದೂರು.

ಆ ನೋವು ಸಣ್ಣದಲ್ಲ. 2007ರಲ್ಲಿ ಶುರುವಾದ ಈ ಸರಣಿಯಲ್ಲಿ ಮೊದಲ ಭಾಗದ ನಿರ್ಧಾರ ಮೂರನೆಯ ಭಾಗದವರೆಗೂ ಬೆನ್ನಿಗೆ ಬರುತ್ತಿತ್ತು. ಅಂದು ಸತ್ತ ಗೆಳೆಯ ಮತ್ತೆ ಬರುತ್ತಿರಲಿಲ್ಲ. ನೊಂದವರು 'ರೀಟೇಕ್ ಮಾಸ್ ಎಫೆಕ್ಟ್' ಎಂದು ಒಗ್ಗೂಡಿ, ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ನೆರವಾಗುವ ಚೈಲ್ಡ್ಸ್ ಪ್ಲೇ ಸಂಸ್ಥೆಗೆ 80,000 ಡಾಲರಿಗೂ ಹೆಚ್ಚು ಹಣ ಕೂಡಿಸಿದರು.

ಆದರೆ ದೂರಿನ ಗದ್ದಲ ತಣ್ಣಗಾದ ಮೇಲೂ ಉಳಿದ ಜಗಳ ಬೇರೆಯದು: ಮೂರರಲ್ಲಿ ಸರಿಯಾದದ್ದು ಯಾವುದು?

50,000 ವರ್ಷಕ್ಕೊಮ್ಮೆ ಬಂದು ಮುಂದುವರಿದ ನಾಗರಿಕತೆಗಳನ್ನೆಲ್ಲ ಕೊಯ್ದೊಯ್ಯುವ ದೈತ್ಯಯಂತ್ರಗಳು ರೀಪರ್‌ಗಳು. ಆಟಗಾರ ನಡೆಸುವ ನಾಯಕ ಕಮಾಂಡರ್ ಶೆಪರ್ಡ್ ಕೆಂಪು ದಾರಿ ಹಿಡಿದರೆ ಅವು ನಾಶ. ಆದರೆ ಗೆತ್ ಎಂಬ ಯಂತ್ರಜನಾಂಗವೂ, ಸ್ವಂತ ಹಡಗಿನ ಯಂತ್ರಬುದ್ಧಿಯ ಸಂಗಾತಿ ಎಡಿಯೂ ಅವುಗಳೊಂದಿಗೆ ಹೋಗಬೇಕು. ಕೆಲವೇ ಗಂಟೆಗಳ ಹಿಂದೆ ರಾನಾಕ್ ಗ್ರಹದಲ್ಲಿ ಗೆತ್ ಮತ್ತು ಅವರನ್ನು ಸೃಷ್ಟಿಸಿದ ಕ್ವೇರಿಯನ್ನರ ಹಳೆಯ ಹಗೆ ನೀಗಿಸಿ ರಾಜಿ ಮಾಡಿಸಿದ್ದ ಆಟಗಾರನಿಗೆ ಇದು ಕರುಳು ಹಿಂಡುವ ಬೆಲೆ. ನೀಲಿ ದಾರಿಯಲ್ಲಿ ಶೆಪರ್ಡ್ ದೇಹ ಬಿಟ್ಟು ರೀಪರ್‌ಗಳ ಒಡೆಯನಾಗುತ್ತಾನೆ. ಅದು ಎದುರಾಳಿ ಇಲ್ಯೂಸಿವ್ ಮ್ಯಾನ್ ಕಂಡ ಕನಸು. ಹಸಿರು ದಾರಿಯಲ್ಲಿ ಎಲ್ಲ ಜೀವಗಳೂ ಯಂತ್ರಗಳೂ ಬೆರೆತು ಹೊಸದಾಗುತ್ತವೆ. ನೋಡಲು ಅದೇ ಎಲ್ಲಕ್ಕಿಂತ ಸುಂದರ, ಆದರೆ ಇಡೀ ಆಕಾಶಗಂಗೆಯ ಮೈ ಬದಲಿಸಲು ಒಪ್ಪಿಗೆ ಕೊಟ್ಟವರು ಯಾರು? ಹಸಿರಿನ ವಿರುದ್ಧ ಇದಕ್ಕಿಂತ ಬಲವಾದ ವಾದವಿಲ್ಲ.

ಬಣ್ಣವೂ ವಾದಕ್ಕೆ ಸೌದೆಯಾಯಿತು. ಸರಣಿಯುದ್ದಕ್ಕೂ ನೀಲಿ ಎಂದರೆ ಸೌಜನ್ಯದ ಮಾತು, ಕೆಂಪು ಎಂದರೆ ಒರಟು. ಕಡೆಯ ದೃಶ್ಯದಲ್ಲಿ ಮಾತ್ರ ಕೆಂಪಿನ ಜೊತೆ ಶೆಪರ್ಡನ ಹಿರಿಯ ಮಾರ್ಗದರ್ಶಿ, ಸಜ್ಜನ ಆಂಡರ್ಸನ್‌ನ ರೂಪ, ನೀಲಿಯ ಜೊತೆ ಇಲ್ಯೂಸಿವ್ ಮ್ಯಾನ್. ರೀಪರ್‌ಗಳು ಮನಸ್ಸನ್ನೇ ವಶಪಡಿಸಿಕೊಳ್ಳುವಂಥವು; ಹಾಗಾದರೆ ಈ ಬಣ್ಣದ ಅದಲುಬದಲು ಶೆಪರ್ಡ್‌ನ ತಲೆಯೊಳಗಿನ ಮೋಸ ಎಂದಿತು ಅಭಿಮಾನಿಗಳ 'ಇಂಡಾಕ್ಟ್ರಿನೇಶನ್ ಸಿದ್ಧಾಂತ'. ಸೇನಾಬಲ ಸಾಕಷ್ಟಿದ್ದು ಕೆಂಪು ಆರಿಸಿದರೆ ಮಾತ್ರ, ಅವಶೇಷಗಳ ನಡುವೆ ಒಂದು ಎದೆ ಉಸಿರೆಳೆಯುವುದು ಕಾಣುತ್ತದೆ. ಸಿದ್ಧಾಂತಿಗಳು ಅದನ್ನೇ ಸಾಕ್ಷಿಯಾಗಿ ಹಿಡಿದರು.

ಜೂನ್ 26ರಂದು ಬಯೋವೇರ್ ಉಚಿತವಾಗಿ ಕೊಟ್ಟ 'ಎಕ್ಸ್‌ಟೆಂಡೆಡ್ ಕಟ್' ಮೂರೂ ದಾರಿಗಳ ಪರಿಣಾಮವನ್ನು ನಿಜವೆಂದೇ ಬಿಡಿಸಿ ತೋರಿಸಿತು. ನಾಲ್ಕನೆಯದನ್ನೂ ಸೇರಿಸಿತು: ನಿರಾಕರಣೆ. ಆಯ್ಕೆಗಳನ್ನು ಮುಂದಿಡುವ ಬಾಲಕರೂಪಿಗೆ ಗುಂಡು ಹೊಡೆದರೂ ಸಾಕು, ಅದೇ ಉತ್ತರ. ಆಗ ಎಲ್ಲರೂ ಸೋಲುತ್ತಾರೆ. ಶೆಪರ್ಡನ ಸಂಗಾತಿ ಲಿಯಾರಾ ಹುಗಿದಿಟ್ಟ ಮಾಹಿತಿಯ ಬಲದಿಂದ ಮುಂದಿನ ಯುಗದವರು ಗೆಲ್ಲುತ್ತಾರೆ. ನಾಲ್ಕರಲ್ಲಿ ಘನತೆಯಿರುವುದು ಇದಕ್ಕೇ, ಆದರೆ ಒಂದು ಪೀಳಿಗೆಯನ್ನೇ ತೆತ್ತು ಪಡೆದ ಘನತೆ.

ಇಂಥ ಸಂಕಟ ಹೊಸದೇನಲ್ಲ. ಆಸ್ಟಿನ್‌ನ ಅಯಾನ್ ಸ್ಟಾರ್ಮ್ ಸ್ಟುಡಿಯೋದ 'ಡಿಯುಸ್ ಎಕ್ಸ್' 2000ರಲ್ಲೇ ಮೂರು ಅಂತ್ಯಗಳನ್ನು ಇಟ್ಟಿತ್ತು. 2003ರ ಉತ್ತರಭಾಗ ಮೂರನ್ನೂ ಒಂದಾಗಿ ಬೆಸೆದು ಕಥೆ ಮುಂದುವರಿಸಿತು. ಮಾಸ್ ಎಫೆಕ್ಟ್‌ಗೆ ಹಾಗೆ ಜಾರಿಕೊಳ್ಳುವ ದಾರಿ ಸುಲಭವಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಮುಂದಿನ ಆಟದ ಟೀಸರ್‌ನಲ್ಲಿ ಲಿಯಾರಾ ಹಿಮದೊಳಗಿಂದ, ಶೆಪರ್ಡ್ ತೊಡುತ್ತಿದ್ದಂಥ ಎನ್7 ಗುರುತಿನ ಕವಚದ ಚೂರನ್ನು ಎತ್ತಿಕೊಳ್ಳುತ್ತಾಳೆ. ಅಲ್ಲೇ ಸತ್ತ ರೀಪರ್ ಒಂದು ಬಿದ್ದಿದೆ. ಕೆಂಪಿನ ಪಕ್ಷದವರು ಆ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು.