ಚಿಮ್ಮಡದ ಹೊಲಕ್ಕೆ ಬಂದ ನ್ಯಾನೋ ಬಾಟಲಿ: ಪರೀಕ್ಷೆ ಮಾಡಿದ್ದು ಯಾರು?

 

ಈ ಎಪಿಸೋಡ್ ಶುರುವಾಗಿದ್ದು ಚಿಮ್ಮಡದಲ್ಲಿ, ನಮ್ಮ ಕಾಕಾನ ಹೊಲದ ಬದುವಿನ ಮೇಲೆ. ಕಾಕಾನ ಬೆನ್ನಿಗೆ ಸ್ಪ್ರೇ ಪಂಪು, ಕೈಯಲ್ಲಿ ಅರ್ಧ ಲೀಟರಿನ ನ್ಯಾನೋ ಯೂರಿಯಾ ಬಾಟಲಿ. ಮೂಗಿಗೆ ಏನೂ ಕಟ್ಟಿರಲಿಲ್ಲ. "ತಮ್ಮಾ, ಒಂದ್ ಚೀಲ ಯೂರಿಯಾದ ಕೆಲಸ ಇದ ಮಾಡತೈತಂತ, ಹೌದನು? ಮತ್ತ ಇದು ಮೂಗಿನಾಗ ಹೋದ್ರ ಏನರ ಆಕ್ಕೈತೇನು? ಯಾರರ ಟೆಸ್ಟ್ ಮಾಡಿ ನೋಡ್ಯಾರೇನು?" ಅಂತ ಕೇಳಿದ್ರು. ನಾನು ಬಿ.ಕಾಂ. ಓದಿದವನು, ಉತ್ತರ ಗೊತ್ತಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಸುಮಾರು ಇಪ್ಪತ್ತು ವರ್ಷದ ಇತಿಹಾಸ.

ಮೊದಲು ಅಳತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳನ್ನು ನ್ಯಾನೋ ಅಂತಾರೆ. ಒಂದು ಸೆಂಟಿಮೀಟರ್ ಘನದ ಸುತ್ತಲಿನ ಮೈ 6 ಚದರ ಸೆಂಟಿಮೀಟರ್. ಅದನ್ನೇ 20 ನ್ಯಾನೋಮೀಟರ್ ತುಂಡು ಮಾಡಿದರೆ ಎಲ್ಲ ತುಂಡುಗಳ ಮೈ ಸೇರಿ 300 ಚದರ ಮೀಟರ್, ಅಂದ್ರೆ ಎರಡೂವರೆಗಿಂತ ಹೆಚ್ಚು 30x40 ಸೈಟು! ತೂಕ ಮಾತ್ರ ಅಷ್ಟೇ. ರಾಸಾಯನಿಕ ಕ್ರಿಯೆ ನಡೆಯೋದು ಮೇಲ್ಮೈಯಲ್ಲಿ. ಹಾಗಾಗಿ ಹೆಸರು ಒಂದೇ ಆದರೂ ವರ್ತನೆ ಬೇರೆ ಆಗಬಹುದು.

2004ರಲ್ಲೇ ಬ್ರಿಟನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಇದನ್ನು ಹೇಳಿದ್ದವು: ನ್ಯಾನೋ ರೂಪದ ರಾಸಾಯನಿಕವನ್ನು ಹೊಸ ವಸ್ತು ಅಂತಲೇ ನೋಡಿ. 2007ರಲ್ಲಿ ಯುರೋಪಿನಲ್ಲಿ 'ರೀಚ್' ಕಾನೂನು ಜಾರಿಯಾಯ್ತು. ಅದರ ಸೂತ್ರ ಸರಳ: ದಾಖಲೆ ಇಲ್ಲದಿದ್ದರೆ ಮಾರುಕಟ್ಟೆಯೂ ಇಲ್ಲ. ಆದರೆ ಆ ಕಾನೂನು ವಸ್ತುವಿನ ಹೆಸರು ಮತ್ತು ಟನ್ ಲೆಕ್ಕ ನೋಡ್ತಿತ್ತು. ನ್ಯಾನೋ ರೂಪಕ್ಕೆ ಬೇರೆ ದಾಖಲೆ ಕೊಡಿ ಅಂತ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಅದೇ ವರ್ಷ ಒಇಸಿಡಿ ಅನ್ನೋ ದೇಶಗಳ ಒಕ್ಕೂಟ ಬೆಳ್ಳಿ, ಟೈಟಾನಿಯಂ ಡೈಆಕ್ಸೈಡ್, ಕಾರ್ಬನ್ ನ್ಯಾನೋಟ್ಯೂಬ್‌ಗಳಂಥ ವಸ್ತುಗಳ ಪರೀಕ್ಷೆ ಕೈಗೆತ್ತಿಕೊಂಡಿತು. ಗೊತ್ತಾಗಿದ್ದು ಏನಂದ್ರೆ, ಹಳೇ ಪರೀಕ್ಷಾ ವಿಧಾನ ಇದಕ್ಕೆ ಸಾಲದು. ನ್ಯಾನೋ ಕಣ ನೀರಿನಲ್ಲಿ ಗಂಟುಕಟ್ಟಿ ತಳಕ್ಕೆ ಕೂರಬಹುದು. ಆಗ ಮೀನಿಗೆ ನಿಜವಾಗಿ ಎಷ್ಟು ತಾಗಿತು ಅಂತ ಹೇಗೆ ಹೇಳೋದು? ಇದಕ್ಕಾಗಿ 2017ರಲ್ಲಿ 318ನೇ ಸಂಖ್ಯೆಯ ಮಾರ್ಗಸೂಚಿ ಬಂತು. ಉಸಿರಾಟದ ಪರೀಕ್ಷೆಗಳು ತಿದ್ದುಪಡಿಯಾಗಿದ್ದು 2018ರಲ್ಲಿ. ಯುರೋಪಿನ ಕಾನೂನು ನ್ಯಾನೋಗೆ ಬೇರೆ ದಾಖಲೆ ಕಡ್ಡಾಯ ಮಾಡಿದ್ದು 2020ರ ಜನವರಿ 1ರಿಂದ.

ನಮ್ಮಲ್ಲಿ? 2007ರಲ್ಲೇ ಬೆಂಗಳೂರಿನ ವಿಜ್ಞಾನಿ ಸಿ.ಎನ್.ಆರ್. ರಾವ್ ಅಧ್ಯಕ್ಷತೆಯಲ್ಲಿ ನ್ಯಾನೋ ಮಿಷನ್ ಶುರುವಾಗಿತ್ತು. ಆದರೆ ಕೃಷಿ ಮತ್ತು ಆಹಾರದ ನ್ಯಾನೋ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಅನ್ನೋ ಕೇಂದ್ರದ ಮಾರ್ಗಸೂಚಿ ಬಂದಿದ್ದು 2020ರ ಜುಲೈಯಲ್ಲಿ. 2021ರ ಫೆಬ್ರವರಿಯಲ್ಲಿ ನ್ಯಾನೋ ಯೂರಿಯಾ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಸೇರಿತು, ಮೇ 31ಕ್ಕೆ ಇಫ್ಕೋ ಅದನ್ನು ಅನಾವರಣ ಮಾಡಿತು. ಮಾರ್ಗಸೂಚಿಯಿಂದ ಬಾಟಲಿಗೆ ಹನ್ನೊಂದು ತಿಂಗಳೂ ಇಲ್ಲ. ಭಾರತದ ಮತ್ತು ಒಇಸಿಡಿಯ ಮಾರ್ಗಸೂಚಿಯಂತೆ ಸುರಕ್ಷತಾ ಪರೀಕ್ಷೆ ಆಗಿದೆ ಅಂತ ಸರ್ಕಾರ ಹೇಳಿದೆ.

ಕಾಕಾನ ಮೊದಲ ಪ್ರಶ್ನೆಗೆ ನನ್ನ ಕಾಮರ್ಸ್ ಸಾಕು. 45 ಕೆ.ಜಿ. ಚೀಲದಲ್ಲಿ ಶೇ. 46 ಸಾರಜನಕ, ಅಂದ್ರೆ 20.7 ಕೆ.ಜಿ. ಆಗ ಬಂದ 500 ಮಿ.ಲೀ. ಬಾಟಲಿಯಲ್ಲಿ ಶೇ. 4, ಅಂದ್ರೆ ಸುಮಾರು 20 ಗ್ರಾಂ. ಎಲೆ ನೇರವಾಗಿ ಹೀರಿಕೊಳ್ಳೋದರಿಂದ ಸ್ವಲ್ಪವೇ ಸಾಕು ಅನ್ನೋದು ಕಂಪನಿಯ ವಾದ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಈ ವಾದವನ್ನು ಪ್ರಶ್ನಿಸಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲೂ ಭತ್ತ, ಗೋಧಿ ಇಳುವರಿ ಕಡಿಮೆ ಬಂತು.

ಎರಡನೇ ಪ್ರಶ್ನೆ ಇನ್ನೂ ದೊಡ್ಡದು. ಯೂರಿಯಾ ನೀರಲ್ಲಿ ಸುಲಭವಾಗಿ ಕರಗುತ್ತೆ. ಸತು, ತಾಮ್ರದ ನ್ಯಾನೋ ಬಾಟಲಿಗಳೂ ಅದೇ ಪಂಪಿಗೆ ಬರ್ತವೆ. ಒಂದಕ್ಕೆ ಆದ ಪರೀಕ್ಷೆ ಇನ್ನೊಂದಕ್ಕೆ ಸಾಕ್ಷಿ ಆಗಲ್ಲ. ನಾವು ಕಾಮರ್ಸ್‌ನಲ್ಲಿ ಓದಿದ ಮೊದಲ ಪಾಠ: ಲೆಕ್ಕ ಬರೆದವನೇ ಆಡಿಟ್ ಮಾಡಬಾರದು, ಆಡಿಟ್ ವರದಿ ಷೇರುದಾರನ ಕೈಗೆ ಸಿಗಬೇಕು. ಇಲ್ಲಿ ಷೇರುದಾರ ಅಂದ್ರೆ ಪಂಪು ಹೊತ್ತವನು. ಪರೀಕ್ಷಾ ವರದಿ ಅವನಿಗೆ ಕನ್ನಡದಲ್ಲಿ, ಅವನ ಮೊಬೈಲಿನಲ್ಲೇ ಸಿಗಬೇಕು.

ಇದನ್ನೆಲ್ಲ ಕಾಕಾಗೆ ಹೇಳಿದೆ, ಜೊತೆಗೆ ಒಂದು ಮಾಸ್ಕ್ ಮತ್ತು ಕನ್ನಡಕ ಕೊಟ್ಟೆ. "ಗಾಳಿಗೆ ಬೆನ್ನು ಮಾಡಿ ಹೊಡೀರಿ" ಅಂದೆ. ಕಾಕಾ ಮಾಸ್ಕ್ ಹಾಕ್ಕೊಂಡು, "ವರದಿ ಬಂದ್ರ ಓದಿ ಹೇಳು" ಅಂದ್ರು.

ಇನ್ನೂ ಕಾಯ್ತಾ ಇದೀನಿ. ಮುಂದಿನ ವಾರ ಸಿಗೋಣ.