ಸಿಗಾರ್ ಹಳೆಯದಾದಷ್ಟೂ ಒಳ್ಳೆಯದೇ? ಮಾಗಿದ ತಂಬಾಕಿನಲ್ಲಿ ಇಳಿಯುವುದೇನು, ಏರುವುದೇನು

"ಒಳ್ಳೆಯ ಸಿಗಾರನ್ನು ತಂದ ಕೂಡಲೇ ಸೇದಬಾರದು. ಎರಡು ಮೂರು ವರ್ಷ ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ರುಚಿ. ಹಳೆಯದಾದಂತೆ ಅದರ ವಿಷವೂ ಇಳಿಯುತ್ತದೆ. ಹೇಗೂ ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಸಿಗರೇಟಿನಷ್ಟು ಕೆಟ್ಟದ್ದಲ್ಲ."

ಈ ಮಾತು ನೀವೂ ಕೇಳಿರಬಹುದು. ಉಡುಪಿ, ಕಾಪು ಕಡೆ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ರಜೆಗೆ ಬರುವಾಗ ಬಾವ ಡ್ಯೂಟಿ ಫ್ರೀಯಲ್ಲಿ ಒಂದು ಪೆಟ್ಟಿಗೆ ತಂದಿರುತ್ತಾರೆ, ಅದು ಕಪಾಟಿನಲ್ಲಿ ಸೀರೆಗಳ ಮಧ್ಯೆ ಕೂತಿರುತ್ತದೆ. ಯಾರಾದರೂ ಕೇಳಿದರೆ "ಇರಲಿ, ಹಳೆಯದಾದಷ್ಟೂ ಬೆಲೆ" ಎಂಬ ಉತ್ತರ. ಮಣಿಪಾಲದ ಕಾಲೇಜು ಹುಡುಗರ ನಡುವೆ ಇದೇ ಮಾತು ಸ್ವಲ್ಪ ಸ್ಟೈಲಾಗಿ ಓಡಾಡುತ್ತದೆ.

ಇದರಲ್ಲಿ ಮೂರು ಬೇರೆ ಬೇರೆ ವಿಷಯಗಳು ಬೆರೆತಿವೆ. ರುಚಿಯ ಮಾತು ಅರ್ಧ ನಿಜ. ವಿಷ ಇಳಿಯುತ್ತದೆ ಎಂಬುದು ತಪ್ಪು, ಒಂದು ಮುಖ್ಯ ವಿಷಯದಲ್ಲಿ ಪೂರ್ತಿ ಉಲ್ಟಾ. ಹೊಗೆ ಎಳೆಯದಿದ್ದರೆ ತೊಂದರೆಯಿಲ್ಲ ಎಂಬುದಂತೂ ಸುಳ್ಳು.

ತಂಬಾಕು ಮಾಗುವುದು ಎಂದರೇನು?

ಗಿಡದಿಂದ ಆಗಷ್ಟೇ ಕಿತ್ತ ತಂಬಾಕಿನ ಎಲೆ ಸೇದಲು ಬರುವುದಿಲ್ಲ. ಅದರಲ್ಲಿ ನೀರು ತುಂಬಿರುತ್ತದೆ, ಪಿಷ್ಟ, ಪ್ರೋಟೀನು ಎಲ್ಲ ಹಾಗೇ ಇರುತ್ತವೆ, ಸುಟ್ಟರೆ ಕಟು ವಾಸನೆ. ಸಿಗಾರಿನ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ನೇತುಹಾಕಿ ಒಂದೂವರೆ ಎರಡು ತಿಂಗಳು ನಿಧಾನವಾಗಿ ಒಣಗಿಸುತ್ತಾರೆ. ಹಸಿರು ಹೋಗಿ ಕಂದು ಬಣ್ಣ ಬರುತ್ತದೆ. ಆಮೇಲೆ ಎಲೆಗಳಿಗೆ ಸ್ವಲ್ಪ ತೇವ ಕೊಟ್ಟು ಆಳೆತ್ತರದ ರಾಶಿ ಹಾಕುತ್ತಾರೆ. ಅಸಲಿ ಕೆಲಸ ನಡೆಯುವುದು ಇಲ್ಲಿ.

ಹಟ್ಟಿಯ ಗೊಬ್ಬರದ ರಾಶಿಯನ್ನು ಚಳಿಗಾಲದ ಬೆಳಗ್ಗೆ ಹಾರೆಯಿಂದ ಬಿಡಿಸಿದರೆ ಒಳಗಿನಿಂದ ಹಬೆ ಏಳುತ್ತದಲ್ಲ, ಮೂಗಿಗೆ ಹೊಡೆಯುವ ಘಾಟು ಬರುತ್ತದಲ್ಲ, ತಂಬಾಕಿನ ರಾಶಿಯಲ್ಲೂ ಅದೇ ಆಗುತ್ತದೆ. ಸೂಕ್ಷ್ಮಜೀವಿಗಳು ಮತ್ತು ಎಲೆಯಲ್ಲೇ ಇರುವ ಕಿಣ್ವಗಳು ಕೆಲಸ ಮಾಡುತ್ತವೆ, ರಾಶಿಯೊಳಗೆ ಬಿಸಿ 40ರಿಂದ 50 ಡಿಗ್ರಿವರೆಗೆ ಏರುತ್ತದೆ, ಪ್ರೋಟೀನು ಒಡೆದು ಅಮೋನಿಯಾ ಹೊರಬೀಳುತ್ತದೆ. ಬಿಸಿ ಜಾಸ್ತಿಯಾದರೆ ರಾಶಿ ಬಿಚ್ಚಿ, ಒಳಗಿದ್ದ ಎಲೆ ಹೊರಗೆ, ಹೊರಗಿದ್ದದ್ದು ಒಳಗೆ ಬರುವಂತೆ ಮತ್ತೆ ಒಟ್ಟುತ್ತಾರೆ. ಹೀಗೆ ಹಲವು ಸಲ. ಬಳಿಕ ಮೂಟೆ ಕಟ್ಟಿ ತಿಂಗಳುಗಟ್ಟಲೆ, ಕೆಲವು ಎಲೆಗಳನ್ನು ವರ್ಷಗಟ್ಟಲೆ, ಗೋದಾಮಿನಲ್ಲಿಡುತ್ತಾರೆ.

ಹಾಗಾಗಿ ಅಂಗಡಿಗೆ ಬರುವ ಸಿಗಾರಿನ ಎಲೆ ಆಗಲೇ ಮಾಗಿರುತ್ತದೆ. ಸುತ್ತುವಾಗ ಎಲೆ ಮುರಿಯಬಾರದೆಂದು ಮತ್ತೆ ತೇವ ಮಾಡುತ್ತಾರೆ, ಆಗ ಇನ್ನೊಮ್ಮೆ ಸ್ವಲ್ಪ ಅಮೋನಿಯಾ ಘಾಟು ಏಳುತ್ತದೆ. ಅದು ಇಳಿಯಲಿ ಎಂದು ಕಾರ್ಖಾನೆಯವರೇ ಕೆಲವು ವಾರ, ಕೆಲವೊಮ್ಮೆ ತಿಂಗಳು, ವಿಶ್ರಾಂತಿ ಕೊಟ್ಟು ಆಮೇಲೆ ಕಳಿಸುತ್ತಾರೆ. ಆತುರದಲ್ಲಿ ಕಳಿಸಿದ ಪೆಟ್ಟಿಗೆಯಾದರೆ ಘಾಟು ಉಳಿದಿರಬಹುದು. "ಹೊಸ ಸಿಗಾರ್ ಸೇದಲು ಚೆನ್ನಾಗಿರುವುದಿಲ್ಲ" ಎಂಬ ಮಾತಿನ ಮೂಲ ಇದು. ಅದರಾಚೆಗೆ ಮನೆಯಲ್ಲಿ ಐದು ವರ್ಷ ಇಟ್ಟರೆ ಹೊಗೆ ಮೆತ್ತಗಾಗಬಹುದು, ಪರಿಮಳವೂ ಮಾಸಬಹುದು. ಮಿಡಿ ಉಪ್ಪಿನಕಾಯಿ ಎಷ್ಟು ತಿಂಗಳಿಗೆ ಚೆನ್ನ ಎಂದು ನಾಲ್ಕು ಮನೆಯಲ್ಲಿ ಕೇಳಿದರೆ ನಾಲ್ಕು ಉತ್ತರ ಬರುತ್ತದೆ, ಇದೂ ಅಷ್ಟೇ. ಕಡ್ಡಾಯವಾಗಿ ಇಡಲೇಬೇಕು ಎಂಬ ನಿಯಮವೇನೂ ಇಲ್ಲ.

ಅಂದಹಾಗೆ, ಮಾಗಿಸುವುದು ಸಿಗಾರಿಗೆ ಮಾತ್ರ ಸೇರಿದ ವೈಭವವೂ ಅಲ್ಲ. ಪಿರಿಯಾಪಟ್ಟಣ, ಹುಣಸೂರು ಕಡೆ ಬೆಳೆಯುವ ವರ್ಜೀನಿಯಾ ತಂಬಾಕನ್ನು ಸೌದೆ ಉರಿಸಿದ ಬ್ಯಾರನ್‌ಗಳ ಬಿಸಿಯಲ್ಲಿ ಒಂದು ವಾರದೊಳಗೆ ಹದ ಮಾಡಿ ಹರಾಜಿಗೆ ತರುತ್ತಾರೆ. ಅದು ಸಿಗರೇಟಾಗುವ ಮೊದಲು ಕಂಪನಿಗಳ ಗೋದಾಮಿನಲ್ಲಿ ಸಾಮಾನ್ಯವಾಗಿ ಒಂದೆರಡು ವರ್ಷ ಮಾಗುತ್ತದೆ. ಗೂಡಂಗಡಿಯ ಬಿಡಿ ಸಿಗರೇಟು ಕೂಡ ಮಾಗಿದ ತಂಬಾಕೇ. ಅದರ ಬಗ್ಗೆ ಯಾರೂ ಹೆಮ್ಮೆ ಪಡುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಕಪಾಟಿನ ಸಿಗಾರಿನ ಗತಿ

ಸಿಗಾರ್ ಇಡಲು ಬೇಕಾದ ತೇವಾಂಶ ಸುಮಾರು ಶೇ. 65ರಿಂದ 70. ಹ್ಯೂಮಿಡಾರ್ ಎಂಬ ಮರದ ಪೆಟ್ಟಿಗೆ ಇರುವುದು ಅದಕ್ಕೇ. ಒಣ ಊರುಗಳಲ್ಲಿ ಅದು ತೇವ ಕೊಡುವ ಪೆಟ್ಟಿಗೆ. ನಮ್ಮಲ್ಲಿ ಸಮಸ್ಯೆ ತದ್ವಿರುದ್ಧ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 85 ದಾಟಿರುತ್ತದೆ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಕಪಾಟಿನ ತಂಬಾಕು ಎಲೆ ಮಾತ್ರ ಹಾಗೇ ಮಾಗುತ್ತಾ ಕೂರುತ್ತದೆ ಎಂದುಕೊಳ್ಳುವುದು ಹೇಗೆ?

ಇನ್ನೊಂದು ಶತ್ರು ಹುಳ. ಲ್ಯಾಸಿಯೋಡರ್ಮಾ ಸೆರಿಕಾರ್ನೆ ಎಂಬ ಎರಡು ಮೂರು ಮಿಲಿಮೀಟರಿನ ಕಂದು ಕೀಟ. ಹೆಸರು ಹೊಸದೆನಿಸಿದರೂ ಹುಳ ನಿಮಗೆ ಗೊತ್ತಿರುವುದೇ: ಅರಸಿನ, ಒಣಶುಂಠಿ, ಕೊತ್ತಂಬರಿ ಡಬ್ಬಿಯಲ್ಲಿ ತೂತು ಮಾಡಿ ಪುಡಿ ಉದುರಿಸುವುದೂ ಇದೇ. ನಿಕೋಟಿನ್ ಬಹಳಷ್ಟು ಕೀಟಗಳಿಗೆ ವಿಷ, ಇದಕ್ಕೆ ಊಟ. ಎಲೆಯೊಳಗೆ ಮೊಟ್ಟೆಗಳಿದ್ದರೆ ಸೆಕೆಗೆ ಒಡೆಯುತ್ತವೆ, ಪೆಟ್ಟಿಗೆ ತೆರೆದಾಗ ಸಿಗಾರಿನ ಮೈತುಂಬಾ ಸೂಜಿಮೊನೆಯಷ್ಟು ತೂತು. ಸೀರೆಗಳ ಮಧ್ಯೆ ಮೂರು ಮಳೆಗಾಲ ಕಳೆದ ಪೆಟ್ಟಿಗೆಯ ಸಿಗಾರಿಗೆ ಮಾಗಿದ್ದು ಅನ್ನುವುದಕ್ಕಿಂತ ಕೆಟ್ಟದ್ದು ಅನ್ನುವುದೇ ಸರಿ. ಬೂಷ್ಟು ಹಿಡಿದದ್ದನ್ನು ಒರೆಸಿ ಯಾರಿಗೂ ಕೊಡಬೇಡಿ.

ಬೀಡಿಯನ್ನು ಯಾರೂ ಮಾಗಿಸಿಡುವುದಿಲ್ಲ

ಸಿಗಾರ್ ನಮಗೆ ಹೊರಗಿನದು, ಆದರೆ ಎಲೆಯಲ್ಲಿ ಸುತ್ತಿದ ತಂಬಾಕು ನಮಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಕಡಿಮೆ ಬೆಲೆಯ ಸಿಗಾರಿಗೆ ಹೇಳುವ 'ಚಿರೂಟ್' ಎಂಬ ಪದ ಬಂದದ್ದೇ ಸುತ್ತುವುದು ಎಂಬ ಅರ್ಥದ ತಮಿಳು ಮಾತಿನಿಂದ, ನಮ್ಮ 'ಸುರುಟು' ಅದರ ನೆಂಟ. ಕಾರ್ಕಳ, ಕಾಪು, ಉಡುಪಿಯ ಎಷ್ಟೋ ಮನೆಗಳ ಜಗಲಿಯಲ್ಲಿ ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಗಸರು ಬೀಡಿ ಕಟ್ಟಿದ್ದಾರೆ, ಈಗಲೂ ಕಟ್ಟುತ್ತಾರೆ. ನನ್ನ ತಲೆಮಾರಿನ ಎಷ್ಟೋ ಡಿಗ್ರಿಗಳ ಹಿಂದೆ ಅಮ್ಮನ ಬೀಡಿ ಮಜೂರಿ ಇದೆ. ಸಂಸತ್ತು 1966ರಲ್ಲಿ ಈ ಕೆಲಸಗಾರರಿಗೆಂದು ಮಾಡಿದ ಕಾನೂನಿನ ಹೆಸರೇ 'ಬೀಡಿ ಮತ್ತು ಸಿಗಾರ್ ಕೆಲಸಗಾರರ' ಕಾಯ್ದೆ. ಕಾನೂನಿನ ಕಣ್ಣಲ್ಲಿ ಎರಡೂ ಒಂದೇ ಸಾಲು.

ಬೀಡಿಯ ಎಲೆ ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾದ ಕಾಡುಗಳಿಂದ ಬರುತ್ತದೆ. ಒಳಗಿನ ಪುಗೆರೆ ನಿಪ್ಪಾಣಿಯಂತಹ ಕಡೆಯದು, ಗುಜರಾತಿನದು. ಅದನ್ನು ನೆಲದ ಮೇಲೆ ಹರಡಿ ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿರುತ್ತಾರೆ. ಎಲೆಯನ್ನು ನೀರಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ, ಪುಡಿ ತುಂಬಿ ಸುತ್ತಿ ನೂಲು ಕಟ್ಟಿ ಬ್ರಾಂಚಿಗೆ ಕೊಟ್ಟ ಮೇಲೆ ಕಾರ್ಖಾನೆಯಲ್ಲಿ ಬೀಡಿಯನ್ನು ಬಟ್ಟಿಯಲ್ಲಿಟ್ಟು ಬಿಸಿ ಮಾಡುತ್ತಾರೆ. ಸಿಗಾರಿಗೆ ತೇವ ಉಳಿಯಬೇಕು, ಬೀಡಿಗೆ ತೇವ ಹೋಗಬೇಕು, ಇಲ್ಲದಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಬೀಡಿ ಇಟ್ಟಷ್ಟೂ ರುಚಿ ಎಂದು ಯಾವ ಅಜ್ಜನೂ ಹೇಳಿದ್ದು ನಾನು ಕೇಳಿಲ್ಲ. ಮಾಗಿಸುವ ಮಾತು ಅಂಟಿಕೊಳ್ಳುವುದು ದುಬಾರಿ ವಸ್ತುವಿಗೆ ಮಾತ್ರ.

ಬೀಡಿಯ ಬಗ್ಗೆ ಇನ್ನೊಂದು ಬಗೆಯ ಸಮಾಧಾನ ಇದೆ: "ಅದು ಕಾಡಿನ ಎಲೆ, ನ್ಯಾಚುರಲ್." ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ, ಸುಮಾರು 0.2 ಗ್ರಾಂ. ಆದರೆ ಆ ಎಲೆಯೊಳಗಿಂದ ಗಾಳಿ ಸರಿಯಾಗಿ ಹಾಯುವುದಿಲ್ಲ, ಆರದಂತೆ ಇರಿಸಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ತಂಬಾಕು ಕಡಿಮೆಯಾದರೂ ಟಾರ್, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ.

ಮಾಗಿದಾಗ ವಿಷ ಇಳಿಯುತ್ತದೆಯೇ?

ಅಮೋನಿಯಾ ಇಳಿಯುತ್ತದೆ, ನಿಕೋಟಿನ್ ಕೂಡ ಸ್ವಲ್ಪ ಇಳಿಯುತ್ತದೆ. ಫಾರ್ವರ್ಡ್ ಮಾಡುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಸಿಗರೇಟೊಂದರ ತಂಬಾಕಿನಲ್ಲಿ ಸುಮಾರು 8 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಬಹಳಷ್ಟು ದೊಡ್ಡ ಸಿಗಾರುಗಳಲ್ಲಿ ಅಳೆದದ್ದು 100ರಿಂದ 200 ಮಿಲಿಗ್ರಾಂ. ಇದು ಹಸಿ ಎಲೆಯ ಲೆಕ್ಕವಲ್ಲ, ಮಾಗಿ, ಸುತ್ತಿ, ಮಾರಾಟಕ್ಕೆ ಬಂದ ಸಿಗಾರಿನ ಲೆಕ್ಕ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು.

ಇನ್ನು ಏರುವುದೇನು ಎಂದು ನೋಡಿ. ತಂಬಾಕಿನ ಎಲೆಯಲ್ಲಿ ನೈಟ್ರೇಟ್ ಇರುತ್ತದೆ. ಒಣಗಿಸುವಾಗ, ರಾಶಿಯಲ್ಲಿ ಹುದುಗುವಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟು ನಿಕೋಟಿನ್ ಮತ್ತು ಅದರ ಬಳಗದ ವಸ್ತುಗಳ ಜೊತೆ ಸೇರಿ ನೈಟ್ರೋಸಮೀನ್‌ಗಳಾಗುತ್ತವೆ. ಇವುಗಳಲ್ಲಿ ಎನ್‌ಎನ್‌ಎನ್, ಎನ್‌ಎನ್‌ಕೆ ಎಂಬ ಎರಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಸಿ ಎಲೆಯಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟುವುದೇ ಹದ ಮಾಡುವಾಗ, ಮಾಗಿಸುವಾಗ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರ್ ಕುರಿತೇ ಒಂದು ದೊಡ್ಡ ವರದಿ ಹೊರತಂದಿತು. ಸಿಗಾರ್ ಹೊಗೆಯಲ್ಲಿ ಈ ನೈಟ್ರೋಸಮೀನ್‌ಗಳು ಸಿಗರೇಟಿನ ಹೊಗೆಗಿಂತ ಹೆಚ್ಚು, ಅದಕ್ಕೆ ಕಾರಣ ಮಾಗಿಸುವ, ಹುದುಗಿಸುವ ಕ್ರಮ ಎಂದು ಆ ಸಂಸ್ಥೆ ಹೇಳುತ್ತದೆ.

ಘಾಟು ಹೋಗಿ ಹೊಗೆ ಮೆತ್ತಗಾಗುವುದು, ಕ್ಯಾನ್ಸರ್ ತರುವ ವಸ್ತು ಹುಟ್ಟುವುದು, ಎರಡೂ ಅದೇ ರಾಶಿಯಲ್ಲಿ. ಗಂಟಲಿಗೆ ಹಿತವಾದದ್ದು ಮೈಗೂ ಹಿತ ಎಂದು ನಾಲಿಗೆ ನಂಬಿಸುತ್ತದೆ. ಜೊತೆಗೆ, ಕಡಿಮೆ ಚುಚ್ಚುವ ಹೊಗೆಯನ್ನು ಹೆಚ್ಚು ಹೊತ್ತು ಬಾಯಲ್ಲಿಟ್ಟುಕೊಳ್ಳಬಹುದು.

ಹೊಗೆ ಒಳಗೆ ಎಳೆಯುವುದಿಲ್ಲವಲ್ಲ?

ಎಲೆಅಡಿಕೆಗೆ ಸುಣ್ಣ ಹಚ್ಚುವವರಿಗೆ ಇದನ್ನು ವಿವರಿಸುವುದು ಸುಲಭ. ಹೊಗೆಸೊಪ್ಪಿನ ಜೊತೆ ಸುಣ್ಣ ಸೇರಿದರೆ ಬೇಗ ತಲೆ ಸುತ್ತುತ್ತದೆ. ಸುಣ್ಣ ಕ್ಷಾರ, ಕ್ಷಾರದಲ್ಲಿ ನಿಕೋಟಿನ್ ಬಿಡಿಯಾಗಿ ಕೆನ್ನೆಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಸಿಗರೇಟಿನ ವರ್ಜೀನಿಯಾ ತಂಬಾಕಿನಲ್ಲಿ ಸಕ್ಕರೆ ಹೆಚ್ಚು, ಹೊಗೆ ಸ್ವಲ್ಪ ಆಮ್ಲೀಯ, ಅದಕ್ಕೇ ಅದನ್ನು ಎದೆಗೆ ಎಳೆಯಬೇಕಾಗುತ್ತದೆ. ಸಿಗಾರಿನ ಎಲೆಯಲ್ಲಿ ನಿಧಾನವಾಗಿ ಒಣಗಿ, ಹುದುಗಿ ಸಕ್ಕರೆ ಹೋಗಿರುತ್ತದೆ, ಹೊಗೆ ಕ್ಷಾರೀಯ. ಎಳೆಯುವ ಅಗತ್ಯವೇ ಇಲ್ಲ, ಬಾಯಲ್ಲಿ ಹಿಡಿದರೆ ಸಾಕು.

ಎಳೆಯದವರ ಶ್ವಾಸಕೋಶದ ಅಪಾಯ ಸಿಗರೇಟು ಸೇದುವವರಿಗಿಂತ ಕಡಿಮೆ ಎಂಬುದು ನಿಜ. ಆದರೆ ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿನ ಅಪಾಯ ಏನೂ ಸೇದದವರಿಗಿಂತ ಹೆಚ್ಚು. ಎಲೆಅಡಿಕೆ ಜೊತೆ ಹೊಗೆಸೊಪ್ಪು, ಗುಟ್ಕಾ, ಬೀಡಿ ಎಲ್ಲ ಸೇರಿ ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಮೊದಲೇ ಹೆಚ್ಚು, ಅದರ ಮೇಲೆ ಇದೊಂದು.

ಒಂದು ಕೆಲಸ ಮಾತ್ರ ಮಾಡಿ. ಮನೆಯಲ್ಲಿ ಸಿಗಾರೋ ಬೀಡಿಯೋ ಹೊಗೆಸೊಪ್ಪೋ ಬಳಸುವವರಿದ್ದರೆ ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳಲು ಹೇಳಿ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ನುಂಗುವಾಗ ನೋವು, ಸ್ವರ ಒಡೆದದ್ದು ಸರಿಯಾಗದಿರುವುದು ಇದ್ದರೆ ಮನೆಮದ್ದು ಹಚ್ಚುತ್ತಾ ಕೂರದೆ ದಂತವೈದ್ಯರಿಗೋ ಇಎನ್‌ಟಿ ವೈದ್ಯರಿಗೋ ತೋರಿಸಿ. ಕಾರ್ಕಳ, ಉಡುಪಿಯ ಸರಕಾರಿ ಆಸ್ಪತ್ರೆಗಳಿವೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಿದೆ. ಬೇಗ ಸಿಕ್ಕಿದ ಬಾಯಿ ಕ್ಯಾನ್ಸರಿನ ಚಿಕಿತ್ಸೆ ತಡವಾಗಿ ಸಿಕ್ಕಿದ್ದಕ್ಕಿಂತ ಎಷ್ಟೋ ಸುಲಭ.

ಬಿಡಬೇಕು ಅನ್ನಿಸಿದವರಿಗೆ ತಂಬಾಕು ಪ್ಯಾಕುಗಳ ಮೇಲೆಯೇ ಅಚ್ಚಾಗಿರುವ ರಾಷ್ಟ್ರೀಯ ಕ್ವಿಟ್‌ಲೈನ್ ಸಂಖ್ಯೆ 1800-11-2356, ಕರೆ ಉಚಿತ. ಬಾವನಿಗೂ ಕಳಿಸಿ. ಮುಂದಿನ ಸಲ ಬರುವಾಗ ಖರ್ಜೂರ ತಂದರೆ ಸಾಕು, ಅದು ಕಪಾಟಿನಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ.