ಪೂರ್ಣಾವಧಿ ಐಟಿ ಮುಖ್ಯಸ್ಥರ ಸಂಬಳ ಭಾರವೇ? ಅರೆಕಾಲಿಕ ಸಿಟಿಒ ನೇಮಿಸುವ ಮುನ್ನ ಥಾಣೆ, ಡೊಂಬಿವಲಿ ಉದ್ಯಮಿಗಳು ಇದನ್ನು ಓದಿ

ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ನವಿ ಮುಂಬೈನ ಮಹಾಪೆ ಕಡೆಯ ಎಷ್ಟೋ ಸಣ್ಣ ಉದ್ಯಮಗಳಲ್ಲಿ ಕಂಪ್ಯೂಟರ್ ವಿಷಯ ನೋಡಿಕೊಳ್ಳುವವರು ಇಬ್ಬರೇ. ಒಬ್ಬರು ಟ್ಯಾಲಿ ಬಲ್ಲ ಅಕೌಂಟೆಂಟ್, ಇನ್ನೊಬ್ಬರು ಫೋನ್ ಮಾಡಿದರೆ ಬರುವ ವೆಂಡರ್. ಒಂದು ಹೋಟೆಲ್ ನಾಲ್ಕಾದಾಗ, ಒಂದು ಗೋದಾಮು ಎರಡಾದಾಗ ಈ ಜೋಡಿ ಸಾಲದು. ಹಾಗೆಂದು ಪೂರ್ಣಾವಧಿ ಐಟಿ ಮುಖ್ಯಸ್ಥರನ್ನು ಇಟ್ಟುಕೊಳ್ಳುವಷ್ಟು ಕೆಲಸವೂ ಇರುವುದಿಲ್ಲ, ಬಜೆಟ್ಟೂ ಇರುವುದಿಲ್ಲ.

ಇದಕ್ಕೆ ಎರಡು ದಾರಿಗಳಿವೆ. ವಾರಕ್ಕೆ ಒಂದೆರಡು ದಿನ ಬಂದು ಹೋಗುವ, ಬೇರೆ ಕಂಪನಿಗಳಿಗೂ ಕೆಲಸ ಮಾಡುವ ಅನುಭವಿ 'ಫ್ರಾಕ್ಷನಲ್' ಸಿಟಿಒ ಅಥವಾ ಸಿಐಒ. ಇದ್ದವರು ಬಿಟ್ಟುಹೋದಾಗ ಅಥವಾ ಇಆರ್‌ಪಿ ಬದಲಿಸುವಾಗ ಕೆಲವು ತಿಂಗಳು ಪೂರ್ತಿ ಹೊಣೆ ಹೊರುವವರು 'ಇಂಟರಿಮ್' ಮುಖ್ಯಸ್ಥರು. ನಿಮಗೆ ಬೇಕಾದ್ದು ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿ. ಪ್ರಿಂಟರ್ ರಿಪೇರಿಗೆ ಇಬ್ಬರೂ ಬೇಡ.

ಯಾಕೆ ಈಗ ಬೇಕು?

ವಾರ್ಷಿಕ ವಹಿವಾಟು 5 ಕೋಟಿ ರೂ. ದಾಟಿದವರಿಗೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಕಡ್ಡಾಯ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು ಎಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಸೂಚಿಸಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ-2023ರಲ್ಲಿ ಭದ್ರತಾ ಲೋಪಕ್ಕೆ 250 ಕೋಟಿ ರೂ.ವರೆಗೆ ದಂಡವಿದೆ. ರಾತ್ರಿ ಹತ್ತಕ್ಕೆ ಸರ್ವರ್ ಲಾಕ್ ಆದರೆ ಈ ಆರು ಗಂಟೆಯ ಲೆಕ್ಕ ಯಾರು ನೋಡಬೇಕು? ಅಕೌಂಟೆಂಟ್ ಅಂತೂ ಅಲ್ಲ.

ದೊಡ್ಡವರೂ ಇದರಿಂದ ಪಾರಾಗಿಲ್ಲ. 2017ರ ಜೂನ್ 27ರಂದು 'ನಾಟ್‌ಪೆಟ್ಯಾ' ದಾಳಿಗೆ ಜಾಗತಿಕ ಹಡಗು ಕಂಪನಿ ಮಾರ್ಸ್ಕ್ ತತ್ತರಿಸಿತು. ನವಿ ಮುಂಬೈ ಪಕ್ಕದ ಜೆಎನ್‌ಪಿಟಿಯಲ್ಲಿ ಅದೇ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವೂ ಕೆಟ್ಟಿತು. ಕಂಪನಿ ಅಂದಾಜಿಸಿದ ನಷ್ಟ 20ರಿಂದ 30 ಕೋಟಿ ಡಾಲರ್. ಅದರ ನೆಟ್‌ವರ್ಕ್ ಮತ್ತೆ ಕಟ್ಟಲು ನೆರವಾದದ್ದು ಘಾನಾದಲ್ಲಿ ಕರೆಂಟ್ ಹೋಗಿದ್ದರಿಂದ ಆಫ್ ಆಗಿದ್ದ ಒಂದು ಸರ್ವರ್! ಹಾಗಾಗಿ ಸಂದರ್ಶನದಲ್ಲಿ ಸರ್ಟಿಫಿಕೇಟ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ: 'ಬ್ಯಾಕಪ್‌ನಿಂದ ಡೇಟಾವನ್ನು ಕೊನೆಯ ಸಲ ನಿಜವಾಗಿ ಮರಳಿ ಪಡೆದು ನೋಡಿದ್ದು ಯಾವಾಗ?'

ಒಪ್ಪಂದದಲ್ಲಿ ಎಡವುವ ಜಾಗ

ಹೆಚ್ಚಿನವರು ಎಡವುವುದು ಇಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಸಾಫ್ಟ್‌ವೇರ್, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ಆದರೆ ಅರೆಕಾಲಿಕ ಸಲಹೆಗಾರ ನೌಕರನಲ್ಲ. ಆತ ಬರೆದ ಕೋಡ್ ನಿಮ್ಮದಾಗಲು ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಕೇವಲ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ ಸೀಮಿತ ಎಂದು ಕಾಯ್ದೆ ಭಾವಿಸುತ್ತದೆ. ದುಬೈಗೆ ಮಾಲು ಕಳಿಸುವವರು ಈ ಸಾಲನ್ನು ಎರಡು ಸಲ ಓದಬೇಕು.

'ಬಿಟ್ಟ ಮೇಲೆ ನಮ್ಮ ಪ್ರತಿಸ್ಪರ್ಧಿಗೆ ಕೆಲಸ ಮಾಡುವಂತಿಲ್ಲ' ಎಂಬ ಷರತ್ತನ್ನು ನಂಬಿ ಕೂರಬೇಡಿ. 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಎದುರು ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದರ ಬದಲು ಗೌಪ್ಯತಾ ಒಪ್ಪಂದ ಗಟ್ಟಿಯಾಗಿರಲಿ.

ಐರೋಲಿ, ಮಹಾಪೆಯ ಐಟಿ ಪಾರ್ಕ್‌ಗಳಿಗೆ ಡೊಂಬಿವಲಿ, ಕಲ್ಯಾಣದಿಂದ ನಿತ್ಯ ಓಡಾಡುವ ಅನುಭವಿಗಳು ಅನೇಕರಿದ್ದಾರೆ. ಶನಿವಾರ ಬರುತ್ತೇನೆ ಎಂದು ಒಪ್ಪುವವರೂ ಸಿಗುತ್ತಾರೆ. ಅವರು ಬೇರೆಡೆ ನೌಕರಿಯಲ್ಲಿದ್ದರೆ ಆ ಕಂಪನಿಯ ಲಿಖಿತ ಅನುಮತಿ ಕೇಳಿ. ಇಲ್ಲದಿದ್ದರೆ ತಗಾದೆ ನಿಮ್ಮ ಬಾಗಿಲಿಗೂ ಬರಬಹುದು.

ಕೀಲಿ ನಿಮ್ಮ ಕೈಯಲ್ಲಿರಲಿ

ಡೊಮೇನ್, ಇಮೇಲ್, ಕ್ಲೌಡ್ ಖಾತೆ ಎಲ್ಲವೂ ಕಂಪನಿಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಮುಖ್ಯ ಅಡ್ಮಿನ್ ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್ ಮಾಲೀಕರ ಬಳಿಯೇ ಇರಲಿ. ವೆಂಡರ್ ಜತೆ ಜಗಳವಾದ ದಿನ ಸ್ವಂತ ವೆಬ್‌ಸೈಟ್ ಕೈತಪ್ಪುವುದು ಇದೊಂದು ಕಾರಣಕ್ಕೆ. ಸಾಫ್ಟ್‌ವೇರ್ ಮಾರುವವರಿಂದ ಕಮಿಷನ್ ಪಡೆಯುತ್ತಾರೆಯೇ ಎಂಬುದನ್ನೂ ಬರಹದಲ್ಲೇ ಕೇಳಿ ಪಡೆಯಿರಿ.

ಶುಲ್ಕವನ್ನು ತಿಂಗಳಿಗೆ ಇಷ್ಟು ದಿನ ಎಂದು ನಿಗದಿ ಮಾಡಿ, ತುರ್ತು ಕರೆಯ ದರ ಬೇರೆ ಇಡಿ. ಜಿಎಸ್‌ಟಿ, ಟಿಡಿಎಸ್ ಯಾರ ಪಾಲಿಗೆ ಹೇಗೆ ಎಂಬುದನ್ನು ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ 30 ದಿನಗಳ ಒಂದು ಕೆಲಸ ಕೊಡಿ: ಎಲ್ಲ ಯಂತ್ರ, ಲೈಸೆನ್ಸ್, ಪಾಸ್‌ವರ್ಡ್‌ಗಳ ಪಟ್ಟಿ ಮತ್ತು ನಿಮ್ಮ ಕಣ್ಣೆದುರೇ ಒಂದು ಬ್ಯಾಕಪ್ ಪರೀಕ್ಷೆ.